ಡ್ರಾಯಿಂಗ್ ಮೇಷ್ಟ್ರ ಎಡಗೆನ್ನೆ

ನನಗೆ ಗಡ್ಡವಿಲ್ಲ. ಇದ್ದಿದ್ದರೆ ನಮ್ಮ ಮನೆಯ ಕತೆ ಬೇರೆಯೇ ಆಗುತ್ತಿತ್ತು. ನಗಬೇಡಿ, ತಮಾಷೆಗೆ ಹೇಳುತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಇವರ ಕಟಿಂಗ್ ಅಂಗಡಿಯ ಟವೆಲ್ ಒಗೆದು, ಹಿಂಡಿ, ಒಣಹಾಕಿ ನನ್ನ ಅಂಗೈ ಸವೆದಿದೆ. ಇವರಿಗಾಗಿ ಏನು ಬೇಕಾದರೂ ಮಾಡಿಯೇನು ಅಂದುಕೊಂಡಿದ್ದೆ. ಕೊನೆಗೆ ಇವರಿಗೆ ಬೇಕಾಗಿದ್ದು ಒಂದು ಗಡ್ಡ, ಅದರ ಕೆಳಗೊಂದು ಕತ್ತು. ಕತ್ತು ಕೊಡಲು ನಾನು ತಯಾರಿದ್ದೆ. ಗಡ್ಡವನ್ನು ಎಲ್ಲಿಂದ ತರಲಿ?

ಅಂಗಡಿಯಲ್ಲಿ ಎರಡು ಕುರ್ಚಿ. ಬಾಗಿಲ ಪಕ್ಕದ ಬೆಳಕಿನ ಕುರ್ಚಿ ಇವರದು, ಒಳಗಿನದು ನನ್ನ ಮೈದುನನದು. ಮೈದುನ ಖಾಲಿ ಕೂತಿದ್ದರೂ ಜನ "ಪರವಾಗಿಲ್ಲ, ಅಣ್ಣನ ಹತ್ರಾನೇ ಮಾಡಿಸ್ಕೋತೀವಿ" ಎಂದು ಬೆಂಚಿನ ಮೇಲೆ ಹಳೇ ಪೇಪರ್ ತಿರುವಿಹಾಕುತ್ತಾ ಕಾಯುತ್ತಿದ್ದರು. ಅಂಗಡಿಯಲ್ಲಿ ಇವರಿಗೆ ಬಾಯಿ ತುಂಬ ಮಾತು. ಮನೆಗೆ ಬಂದರೆ ಬಾಯಿಗೆ ಬೀಗ. "ನನಗೂ ಒಂದು ಬಟ್ಟೆ ಹೊದಿಸಿ ಕುರ್ಚೀಲಿ ಕೂರಿಸ್ರೀ, ಆಗಲಾದ್ರೂ ನಾಲ್ಕು ಮಾತಾಡ್ತೀರೇನೋ" ಎಂದು ನಾನು ರೇಗುತ್ತಿದ್ದೆ. ಅದಕ್ಕೂ ಒಂದು ನಗು, ಅಷ್ಟೇ.

ಆದರೆ ಒಂದು ಕತೆಯನ್ನು ಮಾತ್ರ ಇವರು ನನಗೆ ಎಷ್ಟು ಸಲ ಹೇಳಿದ್ದಾರೋ. ಕೆಲಸ ಕಲಿಸಿದ್ದು ಇವರ ಸೋದರಮಾವ. ಮೊದಮೊದಲು ಮನುಷ್ಯರ ಮುಖ ಮುಟ್ಟಲು ಬಿಡಲೇ ಇಲ್ಲವಂತೆ. ಬಲೂನು ಊದಿ, ಅದಕ್ಕೆ ನೊರೆ ಬಳಿದು, ಕತ್ತಿಯಿಂದ ನೊರೆಯನ್ನು ಮಾತ್ರ ತೆಗೆಯಬೇಕು. ಒತ್ತಿದರೆ ಒಡೆಯುತ್ತದೆ, ಅಳುಕಿದರೆ ನೊರೆ ಉಳಿಯುತ್ತದೆ. ಬಲೂನು ಒಡೆಯದ ದಿನ ಮಾವ ತಾನೇ ಕುರ್ಚಿ ಹತ್ತಿ ಕತ್ತು ಎತ್ತಿ ಕೂತರಂತೆ. "ಈಗ ನಂದು ತೆಗಿ. ನಾನೇನು ಬಲೂನಿನ ಹಾಗೆ ಸುಮ್ನೆ ಕೂರಲ್ಲ, ನೋಡ್ಕೋ" ಎಂದು, ಕತ್ತಿ ಗಂಟಲ ಮೇಲಿರುವಾಗಲೇ ಬೇಕೆಂದೇ ಉಗುಳು ನುಂಗುವುದು, ಕೆಮ್ಮುವುದು, ಯಾರನ್ನೋ ಬಯ್ಯುವುದು. ಹೇಳುತ್ತಾ ಇವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನಗೆ ಆಗ ಅದು ಬರೀ ನಗುವ ಕತೆ.

ನೋವು ಶುರುವಾಗಿದ್ದು ಕುತ್ತಿಗೆಯಲ್ಲಿ. ದಿನವಿಡೀ ಕೈ ಎತ್ತಿಕೊಂಡು, ತಲೆ ಬಗ್ಗಿಸಿಕೊಂಡು ನಿಂತವರಿಗೆ ಬರದೆ ಇನ್ಯಾರಿಗೆ ಬರಬೇಕು? ಕುತ್ತಿಗೆಯಿಂದ ಭುಜಕ್ಕೆ ಇಳಿಯಿತು, ಭುಜದಿಂದ ಬಲಗೈ ಹೆಬ್ಬೆರಳಿಗೆ. ಕಾದ ತಂತಿ ಎಳೆದಂತೆ ಆಗುತ್ತದೆ ಎನ್ನುತ್ತಿದ್ದರು. ನೋವು ಬಂದಾಗ ಇವರ ಎಡಹುಬ್ಬು ತಾನಾಗಿ ಮೇಲೇರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ನಾನು ಆ ಹುಬ್ಬನ್ನೇ ನೋಡಿ ತಿಳಿದುಕೊಳ್ಳುತ್ತಿದ್ದೆ. ಮುಲಾಮು, ಬಿಸಿನೀರಿನ ಚೀಲ, ಯಾರೋ ಕೊಟ್ಟ ಎಣ್ಣೆ, ಎಲ್ಲ ಆಯಿತು. ಒಂದು ದಿನ ಗಿರಾಕಿಯ ಕಿವಿಯ ಕೆಳಗೆ ಕತ್ತಿ ತಾಕಿತು. ಸಣ್ಣ ಗೀರು, ಪಟಿಕ ಉಜ್ಜಿದರೆ ನಿಂತುಹೋಯಿತು. ಗಿರಾಕಿ "ಬಿಡಣ್ಣ, ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ಜಾಸ್ತಿ ರಕ್ತ ಬರತ್ತೆ" ಎಂದು ನಕ್ಕುಬಿಟ್ಟ. ಇವರು ಮಾತ್ರ ಕತ್ತಿ ಮಡಿಸಿಟ್ಟು ಸಂಜೆಯವರೆಗೂ ಬೆಂಚಿನ ಮೇಲೆ ಕೂತುಬಿಟ್ಟರು. ಮರುದಿನ ನಾನು ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ನೋವಿನ ಡಾಕ್ಟರು ತಲೆ ಎತ್ತದೆ ಕೇಳಿದ್ದು ಒಂದೇ ಮಾತು: "ಹತ್ತಕ್ಕೆ ಎಷ್ಟು?" ಇವರು ನನ್ನ ಮುಖ ನೋಡಿದರು. ಸ್ಕೂಲಿನ ಮಾರ್ಕ್ಸ್ ಅಂದುಕೊಂಡು, ತನ್ನ ಕೈ ಈಗ ಹತ್ತಕ್ಕೆ ಎರಡು ಕೊಡುವಷ್ಟು ಕೆಟ್ಟಿದೆ ಅಂತ "ಎರಡು" ಎಂದರು. ಡಾಕ್ಟರ ಲೆಕ್ಕದಲ್ಲಿ ಹತ್ತು ಅಂದರೆ ತಡೆಯಲಾರದ ನೋವು. ಅವರು "ಹಾಗಾದ್ರೆ ಏನಿಲ್ಲ" ಎಂದು ಮತ್ತೆ ಮುಲಾಮು ಬರೆಯಲು ಹೊರಟರು. ನಾನು ಮಧ್ಯೆ ಬಾಯಿ ಹಾಕಿ, "ಅಯ್ಯೋ ಡಾಕ್ಟ್ರೇ, ಇವರು ಫೇಲಾಗಿದ್ದೀನಿ ಅಂತ ಹೇಳ್ತಿರೋದು!" ಎಂದ ಮೇಲೆ ಅದು ಎಂಟಾಯಿತು. ಅವತ್ತಿಂದ ಮನೆಯಲ್ಲಿ ನಾನು ಅವರಿಗೆ ಹತ್ತರ ಡಾಕ್ಟ್ರು ಎಂದು ಹೆಸರಿಟ್ಟೆ.

ಮಾತ್ರೆ ಕೊಟ್ಟರು. ಎಂಟು ಇದ್ದದ್ದು ಐದಾಯಿತು, ಐದು ಮೂರಾಯಿತು. ನೋವು ಇಳಿದ ಹಾಗೆ ಇವರೂ ಇಳಿಯುತ್ತಾ ಹೋದರು. ಬೆಳಗಿನ ಹೊತ್ತೇ ಕೂತಲ್ಲಿ ತೂಕಡಿಕೆ. ಅಂಗಡಿಯ ಬೆಂಚಿನ ಮೇಲೆ ಬಾಯಿ ತೆರೆದು ಮಲಗಿದ ನನ್ನ ಗಂಡನನ್ನು ಗಿರಾಕಿಗಳು ದಾಟಿಕೊಂಡು ಹೋಗುತ್ತಿದ್ದರು. ಲೋಟ ಹಿಡಿದರೆ ಜಾರುತ್ತಿತ್ತು, ಶರ್ಟಿನ ಗುಂಡಿ ನಾನೇ ಹಾಕಬೇಕಿತ್ತು. ಒಂದು ಸಂಜೆ ತಮ್ಮ ಬಲಗೈಯನ್ನು ಯಾರದೋ ಸಾಮಾನಿನಂತೆ ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ನೋವಿಲ್ಲ ಕಣೇ. ಆದ್ರೆ ಕೈನೂ ಇಲ್ಲ."

ಮುಂದಿನ ಸಲ ಹೋದಾಗ ಹತ್ತರ ಡಾಕ್ಟ್ರು ಖುಷಿಯಿಂದ, "ಎಂಟರಿಂದ ಮೂರು! ಬಹಳ ಒಳ್ಳೇದಾಗಿದೆ" ಎಂದರು. ನನಗೆ ಮೈ ಉರಿದುಹೋಯಿತು.

"ಏನು ಒಳ್ಳೇದು ಡಾಕ್ಟ್ರೇ? ಇವರು ಕತ್ತಿ ಹಿಡೀತಿಲ್ಲ, ನಗ್ತಿಲ್ಲ, ಎದ್ದಿದ್ದಾರೋ ಮಲಗಿದ್ದಾರೋ ನನಗೇ ಗೊತ್ತಾಗ್ತಿಲ್ಲ. ಅದಕ್ಕೆ ಹತ್ತಕ್ಕೆ ಎಷ್ಟು ಹಾಕ್ತೀರಿ?"

"ನೋವು ಕಡಿಮೆಯಾಗೋದು ಮುಖ್ಯ ಅಲ್ವಾಮ್ಮ?" ಎಂದರು ಅವರು. ಕೆಟ್ಟವರಲ್ಲ. ಹೊರಗೆ ಜನ ಸಾಲುಗಟ್ಟಿ ಕೂತಿದ್ದರು, ಎಲ್ಲರನ್ನೂ ನೋಡಬೇಕಲ್ಲ. ನನ್ನ ಕಾಟ ತಡೆಯಲಾರದೆಯೋ ಏನೋ, ಮೂಲೆಯ ಕೋಣೆಯಲ್ಲಿದ್ದ ವ್ಯಾಯಾಮ ಮಾಡಿಸುವ ಹುಡುಗಿಯ ಹತ್ತಿರ ಕಳಿಸಿದರು.

ಆ ಕೋಣೆಯಲ್ಲಿ ಬಾಗಿಲಿಗೆ ಕಟ್ಟಿದ ಹಗ್ಗ, ರಬ್ಬರ್ ಪಟ್ಟಿ, ಹಿಸುಕುವ ಚೆಂಡುಗಳು. ಹುಡುಗಿ ಹತ್ತರ ಮಾತೇ ಎತ್ತಲಿಲ್ಲ. ನಿದ್ದೆ ಹೇಗೆ, ಮನಸ್ಸು ಹೇಗೆ, ಹೊರಗೆ ಓಡಾಡ್ತೀರಾ, ಯಾರ ಜೊತೆ ಮಾತಾಡ್ತೀರಿ ಎಂದೆಲ್ಲ ಕೇಳಿದಳು. ಆಮೇಲೆ ಸ್ಟೂಲನ್ನು ಹತ್ತಿರ ಎಳೆದುಕೊಂಡು, "ಅಂಕಲ್, ನೋವಿನ ವಿಷಯ ಬಿಡಿ. ಏನು ಮಾಡೋಕಾದ್ರೆ ನೀವು ವಾಸಿಯಾದೆ ಅಂತೀರಾ?" ಎಂದಳು.

ಯಾರೂ ಕೇಳಿರಲಿಲ್ಲ. ಹೆಂಡತಿಯಾದ ನಾನೂ ಕೇಳಿರಲಿಲ್ಲ. ಇವರು ತಮ್ಮ ಬಲಗೈ ನೋಡಿಕೊಂಡು, "ಒಬ್ಬರಿಗೆ ಪೂರ್ತಿ ಗಡ್ಡ ತೆಗೀಬೇಕು. ಮಧ್ಯೆ ನಿಲ್ಲಿಸದೆ" ಎಂದರು. ಹುಡುಗಿ ಅದನ್ನು ಹಾಗೇ ಬರೆದುಕೊಂಡು, "ಅದೇ ನಮ್ಮ ಗುರಿ" ಎಂದಳು. ಡಾಕ್ಟರ ಹತ್ತಿರ ಮಾತಾಡಿ ಮಾತ್ರೆಯನ್ನೂ ಕಡಿಮೆ ಮಾಡಿಸಿದಳು. ಅವಳ ಕೈಗಳನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತ್ತು ನನಗೆ. ಇವತ್ತಿಗೂ ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ.

ಮಾತ್ರೆ ಇಳಿಯಿತು, ಕೈ ಸ್ವಲ್ಪ ಸ್ವಲ್ಪವಾಗಿ ವಾಪಸ್ಸಾಯಿತು, ಜೊತೆಗೆ ನೋವೂ. ಇವರು ಒಂದು ಪೊಟ್ಟಣ ಬಲೂನು ತಂದರು. ಬೆಳಿಗ್ಗೆ ಎದ್ದು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ಬಲೂನು ಊದುವುದು, ನೊರೆ ಬಳಿಯುವುದು, ಕತ್ತಿ ಹಿಡಿಯುವುದು. ನಾನು ಅಡುಗೆಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆ. ಠಪ್! ಒಡೆದ ಸದ್ದು ನನ್ನ ಹೊಟ್ಟೆಯೊಳಗೇ ಆದಂತಿರುತ್ತಿತ್ತು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಏನ್ರೀ, ದಿನಾ ಯಾರ ಬರ್ತ್‌ಡೇ ನಿಮ್ಮನೇಲಿ?" ಎಂದಳು. "ನಮ್ಮ ಕರ್ಮದ್ದು" ಎಂದೆ. ಆಮೇಲೆ ಅವಳು ಕೇಳಲಿಲ್ಲ.

ಅಂಗಡಿಯಲ್ಲಿ ಇವರ ಕುರ್ಚಿಯ ಬೆನ್ನಿಗೆ ಮೊದಲು ಒದ್ದೆ ಟವೆಲ್ ಬಂತು. ಆಮೇಲೆ ಸೀಟಿನ ಮೇಲೆ ಶಾಂಪೂ ಡಬ್ಬಿಗಳ ರಟ್ಟಿನ ಪೆಟ್ಟಿಗೆ. ಒಗೆಯಲು ಬರುತ್ತಿದ್ದ ಟವೆಲ್ ಗಂಟು ಅರ್ಧಕ್ಕಿಳಿದಿತ್ತು. ಮೈದುನ ಒಂದು ದಿನ ನನ್ನ ಮುಖ ನೋಡದೆ ಹೇಳಿದ: "ಅತ್ತಿಗೆ, ಗಿರಾಕಿಗಳು ಬಂದು ವಾಪಸ್ ಹೋಗ್ತಿದ್ದಾರೆ. ಬೇರೆ ಯಾರನ್ನಾದ್ರೂ ಕೆಲಸಕ್ಕೆ ಹಾಕ್ಕೊಳ್ಳೋಣ ಅಂತ."

"ನಿನ್ನಣ್ಣ ಇನ್ನೂ ಬದುಕಿದ್ದಾರೆ ಕಣಪ್ಪ."

"ನಾನೇನು ಇಲ್ಲ ಅಂದ್ನಾ? ಅಣ್ಣ ಒಂದೇ ಒಂದು ಶೇವ್ ಮಾಡಿ ತೋರಿಸ್ಲಿ, ಕುರ್ಚಿ ಅವನದೇ."

ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅಂತೂ ಹೊಸಬನನ್ನು ತರುವುದು ಸ್ವಲ್ಪ ದಿನ ಮುಂದಕ್ಕೆ ಹೋಯಿತು.

ಇವರಿಗಾಗಿ ಕಾದವರು ಒಬ್ಬರೇ, ರಿಟೈರಾದ ಡ್ರಾಯಿಂಗ್ ಮೇಷ್ಟ್ರು. ಅಂಗಡಿ ತೆರೆದಾಗಿನಿಂದ ಇವರದೇ ಗಿರಾಕಿ. ಇವರು ಕತ್ತಿ ಮಡಿಸಿಟ್ಟ ಮೇಲೆ ಅವರು ಬೇರೆ ಯಾರಿಗೂ ಮುಖ ಕೊಟ್ಟಿರಲಿಲ್ಲ. ಬಿಳಿ ಗಡ್ಡ ಎದೆಗೆ ಇಳಿದಿತ್ತು. ದಿನಾ ಬಂದು ಬೆಂಚಿನ ಮೇಲೆ ಇವರ ಪಕ್ಕ ಕೂತು, "ಇನ್ನೊಂದು ಸ್ವಲ್ಪ ಬಿಟ್ರೆ ದಾರೀಲಿ ಹೋಗೋರು ಕೈಗೆ ಚಿಲ್ಲರೆ ಹಾಕ್ತಾರೆ ನೋಡಪ್ಪ" ಎನ್ನುತ್ತಿದ್ದರು. ಮನೆಯಲ್ಲಿ ಮಗಳು ಬಯ್ದರೂ ಕೇಳುತ್ತಿರಲಿಲ್ಲವಂತೆ.

ಒಂದು ಬೆಳಿಗ್ಗೆ ಹಿತ್ತಲಿನಿಂದ ಸದ್ದು ಬರಲಿಲ್ಲ. ಕಾದೆ. ಬರಲೇ ಇಲ್ಲ. ಏನಾಯಿತೋ ಎಂದು ಓಡಿಹೋದರೆ ಇವರು ಒದ್ದೆಯಾದ ಕೆಂಪು ಬಲೂನನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದರು. ಒಂದು ಹನಿ ನೊರೆ ಉಳಿದಿರಲಿಲ್ಲ. "ನೋಡೇ" ಎಂದರು, ಅಷ್ಟೇ. ನಾನು ನಕ್ಕೆನೋ ಅತ್ತೆನೋ. ಅದನ್ನು ಮೊಳೆಗೆ ನೇತುಹಾಕಿದೆವು. ಮರುದಿನದ ಬಲೂನೂ ಒಡೆಯಲಿಲ್ಲ. ಅದರ ಮರುದಿನದ್ದೂ ಇಲ್ಲ. ನೋವು ಇತ್ತು, ಹುಬ್ಬು ಏರುತ್ತಿತ್ತು. ಆದರೂ ಕೈ ಮಾತು ಕೇಳುತ್ತಿತ್ತು.

ಮೇಷ್ಟ್ರು ಕುರ್ಚಿ ಹತ್ತಿದ ದಿನ ನಾನು ಟವೆಲ್ ಕೊಡುವ ನೆಪದಲ್ಲಿ ಅಂಗಡಿಗೆ ಹೋದೆ. ಪೆಟ್ಟಿಗೆ ಇಳಿಸಿ, ಕುರ್ಚಿ ಒರೆಸಿದ್ದಾಗಿತ್ತು. ಇವರು ಬಟ್ಟೆ ಹೊದಿಸಿ, ಕತ್ತರಿಯಿಂದ ಗಡ್ಡವನ್ನು ಗಿಡ್ಡ ಮಾಡಿ, ಬಿಸಿ ಟವೆಲ್ ಇಟ್ಟು, ನೊರೆ ಬಳಿದರು. ಹೊಸ ಬ್ಲೇಡು ಸಿಕ್ಕಿಸಿದರು. ಮೈದುನ ತನ್ನ ಮೆಷಿನ್ ಆರಿಸಿ ನಿಂತ. ಬಲಗೆನ್ನೆಯ ಮೇಲೆ ಕತ್ತಿ ಇಳಿದಾಗ ಬಂದ ಆ ಚರ್ ಚರ್ ಸದ್ದು ಕೇಳಿ ನನ್ನ ಕಣ್ಣು ತುಂಬಿತು. ಮೇಷ್ಟ್ರ ಕೆನ್ನೆ ತಿಂಗಳುಗಳ ನಂತರ ಬೆಳಕು ಕಂಡಿತು. ಇವರು ದವಡೆ ದಾಟಿ ಗಂಟಲಿಗೆ ಬಂದರು.

ಮೇಷ್ಟ್ರು ಉಗುಳು ನುಂಗಿದರು.

ಗಂಟಲ ಗುಬಟು ಮೇಲೆ ಹೋಗಿ ಕೆಳಗೆ ಬಂತು, ಅಷ್ಟೇ ಆಗಿದ್ದು. ಇವರ ಕೈ ನಿಂತುಹೋಯಿತು. ನಾನು ಹುಬ್ಬು ನೋಡಿದೆ. ಏರಿರಲಿಲ್ಲ. ಬೆವರು ಮಾತ್ರ ಧಾರಾಕಾರವಾಗಿ ಇಳಿಯುತ್ತಿತ್ತು.

"ಯಾಕಪ್ಪಾ, ನೋವಾ?" ಎಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ."

"ಮತ್ತೆ?"

"ಆಗ್ತಿಲ್ಲ." ಕತ್ತಿ ಕೆಳಗಿಟ್ಟುಬಿಟ್ಟರು.

ಇಷ್ಟು ದಿನ ಬಲೂನಿನ ಮೇಲೆ ಅಳೆದುಕೊಂಡಿದ್ದೆಲ್ಲ ಕೈಯನ್ನು ಮಾತ್ರ. ಕಿವಿಯ ಕೆಳಗೆ ಗೀರಿದ ಆ ದಿನದ ಭಯ ಒಳಗೇ ಕೂತು ಬೆಳೆದಿತ್ತು. ಅದನ್ನು ಡಾಕ್ಟರೂ ಕೇಳಿರಲಿಲ್ಲ, ಹುಡುಗಿಯೂ ಕೇಳಿರಲಿಲ್ಲ, ಇವರಿಗೇ ಗೊತ್ತಿರಲಿಲ್ಲ. ಬಲೂನು ಒಂದು ದಿನವಾದರೂ ಉಗುಳು ನುಂಗಿತ್ತೇ?

ಮೈದುನ ತನ್ನ ಕತ್ತಿ ಹಿಡಿದು ಮುಂದೆ ಬಂದ. ಮೇಷ್ಟ್ರು ಎಡಗೆನ್ನೆಗೆ ಕೈ ಅಡ್ಡ ಹಿಡಿದರು. "ಬೇಡಪ್ಪ. ಅರ್ಧ ಅವನು ತೆಗ್ದಿದ್ದಾನೆ, ಇನ್ನರ್ಧಾನೂ ಅವನೇ ತೆಗೀಲಿ. ನನಗೇನು ಹೆಣ್ಣು ನೋಡೋಕೆ ಹೋಗೋದಿದೆಯಾ?" ಎಂದು ಮುಖ ಒರೆಸಿಕೊಂಡು ಅರ್ಧ ಗಡ್ಡದಲ್ಲೇ ಬೀದಿಗಿಳಿದರು. ಜನ ನಕ್ಕರೆ, "ಆ ಕಡೆಯಿಂದ ಬಂದು ನೋಡ್ರೋ, ಹುಡುಗನ ಹಾಗೆ ಕಾಣ್ತೀನಿ" ಎನ್ನುತ್ತಿದ್ದರು.

ನಾನು ಸೋದರಮಾವನ ಕತೆ ನೆನಪಿಸಿಕೊಂಡು ಮೈದುನನ ಹತ್ತಿರ ಹೋದೆ. "ನೀನು ಒಂದು ಸಲ ಅಣ್ಣನ ಕೈಗೆ ಕತ್ತು ಕೊಟ್ಟು ಕೂರಪ್ಪ. ಒಂದೇ ಒಂದು ಸಲ. ಧೈರ್ಯ ಬಂದ್ರೆ ಸಾಕು." ಅವನು ನೆಲ ನೋಡುತ್ತಾ, "ನನಗೂ ಹೆಂಡತಿ ಮಕ್ಕಳಿದ್ದಾರೆ ಅತ್ತಿಗೆ" ಎಂದ. ಇವರು ಬಾಗಿಲಲ್ಲೇ ನಿಂತಿದ್ದರು. ಕೇಳಿಸಿಕೊಂಡರು.

ಮನೆಗೆ ಬಂದು ನಾನೇ ನೊರೆ ಕಲಸಿ ಕೆನ್ನೆಗೂ ಕುತ್ತಿಗೆಗೂ ಬಳಿದುಕೊಂಡು ಸ್ಟೂಲಿನ ಮೇಲೆ ಕೂತೆ. "ತೆಗೀರಿ ನೋಡೋಣ. ಗಡ್ಡ ಇಲ್ದಿದ್ರೆ ಏನು, ನುಂಗೋಕೆ ಗಂಟಲಿದೆಯಲ್ಲ." ಇವರು ಟವೆಲ್ ತಂದು ನನ್ನ ಮುಖ ಒರೆಸಿದರು, ಮಗುವಿಗೆ ಒರೆಸಿದ ಹಾಗೆ. "ನಿನ್ನ ಮೇಲೆ ಕತ್ತಿ ಇಡೋಕೆ ಆಗತ್ತೇನೇ ನನ್ನ ಕೈಲಿ?" ಎಂದರು. ಆಮೇಲೆ ಬಲೂನನ್ನೂ ಮುಟ್ಟಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ಮೊಳೆಯಲ್ಲಿದ್ದ ಕೆಂಪು ಬಲೂನು ಸುಕ್ಕಾಗುತ್ತಾ ಬಂತು.

ಮೇಷ್ಟ್ರು ಮನೆಗೇ ಬರತೊಡಗಿದರು. ಬಲಗೆನ್ನೆಯಲ್ಲಿ ಕೊಯ್ದ ಗದ್ದೆಯ ಕೂಳೆಯಂತೆ ಕೂದಲು ಮೊಳೆತಿತ್ತು, ಎಡಗೆನ್ನೆಯಲ್ಲಿ ಹಳೇ ಕಾಡು. ಬಾಗಿಲಲ್ಲಿ ನಿಂತು, "ಇವತ್ತೇನಪ್ಪಾ?" ಎನ್ನುವರು. "ನಾಳೆ ಮೇಷ್ಟ್ರೇ" ಎನ್ನುವರು ಇವರು. "ಆಗಲಿ, ನನಗೇನು ಅವಸರ" ಎಂದು ಕೂತು ಅದೂ ಇದೂ ಮಾತಾಡಿ ಹೋಗುವರು. ಹೋಗುವಾಗ ಒಂದು ಸಲ ಇವರ ಬಲಭುಜ ಮುಟ್ಟಿ ಹೋಗುವರು.

ಒಂದು ಬೆಳಿಗ್ಗೆ ಮೇಷ್ಟ್ರ ಬದಲು ಅವರ ಮಗಳು ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಮಲಗಿದವರು ಏಳಲಿಲ್ಲವಂತೆ. "ಅಪ್ಪನ್ನ ಆ ಅರ್ಧ ಮುಖದಲ್ಲಿ ಕಳಿಸೋಕೆ ನನ್ನ ಕೈಲಾಗಲ್ಲ. ಬೇರೆಯವರು ಮುಟ್ಟೋದು ಅವರಿಗೆ ಇಷ್ಟ ಆಗ್ತಿರಲಿಲ್ಲ. ನೀವೇ ಬನ್ನಿ" ಎಂದಳು.

ಇವರು ಕತ್ತಿಯ ಪೆಟ್ಟಿಗೆ ತೆಗೆದುಕೊಂಡರು. ನಾನು ನೀರಿನ ಬಟ್ಟಲು ಹಿಡಿದು ಹಿಂದೆ ಹೋದೆ. ಮೇಷ್ಟ್ರನ್ನು ಕಿಟಕಿಯ ಹತ್ತಿರ ಮಲಗಿಸಿದ್ದರು. ಇವರು ಮಂಡಿಯೂರಿ ಕೂತು, ನೀರು ಬಿಸಿಯಿದೆಯಾ ಎಂದು ಬೆರಳಿಟ್ಟು ನೋಡಿ, ನೊರೆ ಬಳಿದರು. ಮೊದಲು ಬಲಗೆನ್ನೆಯ ಕೂಳೆ ತೆಗೆದರು. ಆಮೇಲೆ ಎಡಗೆನ್ನೆ. ಆಮೇಲೆ ದವಡೆ. ಆಮೇಲೆ ಗಂಟಲು. ಕೈ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನಡುವೆ ಒಂದು ಸಲವೂ ನಿಲ್ಲಲಿಲ್ಲ. ಹಳೆಯ ಕಾಲದಲ್ಲಿ ಬೆಳಕಿನ ಕುರ್ಚಿಯ ಪಕ್ಕ ನಿಂತು ಮಾಡುತ್ತಿದ್ದರಲ್ಲ, ಅದೇ ಕೈ. ದೇವರೇ, ಈ ಕೈ ಈಗ ಯಾಕೆ ಬಂತು?

ಕೊನೆಗೆ ಇವರು ಪಟಿಕ ಉಜ್ಜಿ, ಒರೆಸಿ, ಅಭ್ಯಾಸಬಲದಿಂದ ಕೈಗನ್ನಡಿ ಎತ್ತಿ ಮೇಷ್ಟ್ರ ಮುಖದ ಮುಂದೆ ಹಿಡಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದು ಕೆಳಗಿಟ್ಟರು. ಮೇಷ್ಟ್ರ ಮಗಳು ಬಾಯಿಗೆ ಸೆರಗು ತುರುಕಿಕೊಂಡು ಹೊರಗೆ ಹೋದಳು.

ಆ ವಾರವೇ ಹೊಸಬ ಕೆಲಸಕ್ಕೆ ಬಂದ. ಮೈದುನ ಬಂದು ಹೇಳಿದಾಗ ಇವರು ಆಗಲಿ ಎಂದು ತಲೆಯಾಡಿಸಿದರು. ನಾನು ಜಗಳವಾಡಲಿಲ್ಲ, ನನ್ನಲ್ಲೂ ಶಕ್ತಿ ಉಳಿದಿರಲಿಲ್ಲ. ಟವೆಲ್ ಗಂಟು ಮತ್ತೆ ಮೊದಲಿನಷ್ಟೇ ದೊಡ್ಡದಾಯಿತು.

ಆಸ್ಪತ್ರೆಯಿಂದ ಫೋನ್ ಬಂತು, ಬಹಳ ದಿನವಾಯಿತು ಬಂದಿಲ್ಲ ಎಂದು. ಬೇಡವೆಂದವರನ್ನು ನಾನೇ ಎಬ್ಬಿಸಿ ಕರೆದುಕೊಂಡು ಹೋದೆ. ಮನೆಯಲ್ಲಿ ಗೋಡೆ ನೋಡುತ್ತಾ ಕೂತಿರುವುದಕ್ಕಿಂತ ಮೇಲಲ್ಲವೇ? ಹತ್ತರ ಡಾಕ್ಟ್ರು ಕೇಳಿದರು, "ಈಗೆಷ್ಟು?" ಇವರು "ಎರಡು" ಎಂದರು. ಸುಳ್ಳಲ್ಲ. ಕೈಗೆ ಏನೂ ಕೆಲಸವಿಲ್ಲದಾಗ ನೋವಾದರೂ ಎಲ್ಲಿಂದ ಬರಬೇಕು? "ತುಂಬಾ ಸಂತೋಷ. ಇನ್ನು ನೀವು ಬರೋದೇ ಬೇಡ" ಎಂದು ಡಾಕ್ಟರು ಮೊದಲ ಸಲ ತಲೆ ಎತ್ತಿ ನಕ್ಕರು.

ಮೂಲೆಯ ಕೋಣೆಯಲ್ಲಿ ಹುಡುಗಿ ಇವರನ್ನು ಕಂಡದ್ದೇ ಎದ್ದು ಬಂದಳು. ಕೈ ಎತ್ತಿಸಿ, ತಿರುಗಿಸಿ, ಬೆರಳು ಬಿಗಿಹಿಡಿಸಿ ನೋಡಿದಳು. ಆಮೇಲೆ ತನ್ನ ಕಾಗದ ತೆಗೆದು, "ನಮ್ಮ ಗುರಿ ಏನಾಯ್ತು ಅಂಕಲ್? ಯಾರಿಗಾದ್ರೂ ಪೂರ್ತಿ ಗಡ್ಡ ತೆಗೆದ್ರಾ?" ಎಂದಳು.

"ತೆಗ್ದೆ."

"ಮಧ್ಯೆ ನಿಲ್ಲಿಸದೆ?"

"ನಿಲ್ಲಿಸದೆ."

"ಕೈ?"

"ಅಲ್ಲಾಡ್ಲಿಲ್ಲ."

ಹುಡುಗಿ ಚಪ್ಪಾಳೆ ತಟ್ಟಿಬಿಟ್ಟಳು. ಪಕ್ಕದ ಮಂಚದಲ್ಲಿ ಮಂಡಿನೋವಿನ ಅಜ್ಜಿಯೂ ಏನೆಂದು ತಿಳಿಯದೆ ನಕ್ಕಿತು. ನಾನು ಬಾಯಿ ತೆರೆದೆ. ಇವರು ಬಲಗೈಯಿಂದ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು.

"ನಾನು ಹೇಳಿರಲಿಲ್ವಾ ಆಗತ್ತೆ ಅಂತ! ಗಡ್ಡ ತೆಗೆಸ್ಕೊಂಡೋರು ಏನಂದ್ರು?" ಎಂದಳು ಹುಡುಗಿ.

"ಏನೂ ಅನ್ಲಿಲ್ಲಮ್ಮ" ಎಂದರು ಇವರು.

"ಕೆಲವರು ಹಾಗೇ ಬಿಡಿ ಅಂಕಲ್, ಬಾಯಿಬಿಟ್ಟು ಹೊಗಳೋಕೆ ಬರಲ್ಲ" ಎಂದು ಹುಡುಗಿ ಕಾಗದದ ಮೇಲೆ ದೊಡ್ಡದಾಗಿ ಒಂದು ಸರಿ ಗುರುತು ಹಾಕಿದಳು.